ಬ್ಯಾಗಿಗೆ ಹಗುರವಾದ ಮಡಚುವ ಗರಗಸ: 130, 170, 240 ಮಿ.ಮೀ. ಅಲಗಿನಲ್ಲಿ ಯಾವುದು?

ಹೊಸಕೆರೆ ಹೈದ:
ನಮಸ್ಕಾರ. ಸಕಲೇಶಪುರದ ಕಡೆ ಗೆಳೆಯರೊಬ್ಬರ ಕಾಫಿ ತೋಟದಲ್ಲಿ ಟೆಂಟ್ ಹಾಕೋದಿದೆ. ಬೆಂಗಳೂರಿಂದ ಬಸ್ಸಲ್ಲೇ ಹೋಗೋದು, 40 ಲೀಟರ್ ಬ್ಯಾಗಲ್ಲೇ ಎಲ್ಲಾ ತುಂಬಬೇಕು. ಸೌದೆಗೆ ಒಣಗಿದ ಸಿಲ್ವರ್ ಓಕ್ ರೆಂಬೆ, ಟಾರ್ಪಾಲಿಗೆ ಬಿದಿರು ಕಂಬ, ಇಷ್ಟೇ ಕೆಲಸ. ದಪ್ಪ ಅಂದ್ರೆ ಮಣಿಕಟ್ಟಿನಷ್ಟು. 300 ಗ್ರಾಂ ದಾಟಬಾರದು. 'ಹಂಟಿಂಗ್ ಸಾ' ಅಂತ ಎರಡು ಅಲಗಿನದ್ದೂ ಆನ್‌ಲೈನಲ್ಲಿ ಸಿಗ್ತಿದೆ, ಒಂದು ಮರಕ್ಕೆ, ಇನ್ನೊಂದು ಮೂಳೆಗೆ. ಅದನ್ನೇ ತಗೊಳ್ಲಾ? ಹಲ್ಲಿನ ಲೆಕ್ಕ ಬೇರೆ ಒಬ್ಬೊಬ್ಬರು ಒಂದೊಂದು ಥರ ಬರೀತಾರೆ, ತಲೆ ಕೆಟ್ಟಿದೆ.

ಗರಗಸದ ಪುಡಿ:
ಎರಡು ಅಲಗಿನದ್ದು ಬೇಡ ಗುರು. ಮೂಳೆಯ ಅಲಗಿನ ಹಲ್ಲು ತೀರಾ ಸಣ್ಣ. ಹಸಿ ಮರಕ್ಕೆ ಹಾಕಿದ್ರೆ ನಾಲ್ಕೈದು ಎಳೆತಕ್ಕೇ ಹಲ್ಲಿನ ಸಂದೆಲ್ಲ ಪುಡಿ ಕಟ್ಟಿಕೊಂಡು ಸುಮ್ಮನೆ ಜಾರುತ್ತೆ. ನಮ್ಮಲ್ಲಿ ಬೇಟೆಗೆ ಕಾನೂನೇ ಬಿಡಲ್ಲ, ಆ ಅಲಗು ಬ್ಯಾಗಿಗೆ ಬರೀ ಭಾರ.

ಮೊದಲು ಉದ್ದ ನೋಡಿ. ರೆಂಬೆಯ ದಪ್ಪ ಕಳೆದು ಉಳಿದಷ್ಟೇ ನಿಮಗೆ ಸಿಗೋ ಎಳೆತ. 60 ಮಿ.ಮೀ. ರೆಂಬೆಗೆ 130ರ ಅಲಗಲ್ಲಿ 70 ಮಿ.ಮೀ. ಎಳೆತ, 170ರಲ್ಲಿ 110. ಎಳೆತ ಗಿಡ್ಡ ಆದ್ರೆ ಪುಡಿ ಸೀಳಿನಿಂದ ಹೊರಗೇ ಬರಲ್ಲ, ಒಳಗೇ ಉಳಿದು ಅಲಗನ್ನ ಹಿಡಿದುಕೊಳ್ಳುತ್ತೆ, ಕೈ ಸೋತುಹೋಗುತ್ತೆ. 240 ಚೆನ್ನಾಗಿ ಕೊಯ್ಯುತ್ತೆ, ಆದರೆ ಮಡಚಿದರೂ ಒಂದು ಗೇಣಿಗಿಂತ ಉದ್ದ. ನಿಮ್ಮ ಕೆಲಸಕ್ಕೆ 170ರಿಂದ 190 ಸರಿ.

ಹಲ್ಲಿನ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕೆಲವರು ಇಂಚಿಗೆ ಎಷ್ಟು ಅಂತ ಹೇಳ್ತಾರೆ. ಜಪಾನಿನ ಸಿಲ್ಕಿಯವರು 30 ಮಿ.ಮೀ.ಗೆ ಎಷ್ಟು ಅಂತ ಬರೀತಾರೆ. ಇಂಚು ಅಂದ್ರೆ 25.4 ಮಿ.ಮೀ., ಹಾಗಾಗಿ ಅವರ 8 ಹಲ್ಲು ಇಂಚಿಗೆ ಸುಮಾರು 6.8 ಆಗುತ್ತೆ, 10 ಹಲ್ಲು ಅಂದ್ರೆ ಸುಮಾರು 8.5. ಹಸಿ ಮರಕ್ಕೆ ಇಂಚಿಗೆ 6-7, ಒಣ ಗಟ್ಟಿ ಮರಕ್ಕೂ ಬಿದಿರಿಗೂ 8ರಿಂದ 10. ಬಾಹ್ಕೋ ಕಂಪನಿಯ ಲ್ಯಾಪ್‌ಲ್ಯಾಂಡರ್ ಗರಗಸ 190 ಮಿ.ಮೀ., ಇಂಚಿಗೆ 7 ಹಲ್ಲು, ತೂಕ ಸುಮಾರು 200 ಗ್ರಾಂ. ನಿಮ್ಮ ಲೆಕ್ಕಕ್ಕೆ ಕೂರುತ್ತೆ, ಬಿದಿರಿಗೆ ಮಾತ್ರ ಸ್ವಲ್ಪ ಒರಟು.

ಉಂಗುರ ಇರೋ ತಂತಿ ಗರಗಸ ಅಗ್ಗ ಅಂತ ಆಸೆ ಬೀಳಬೇಡಿ. ಉಂಗುರದ ಹತ್ರ ತಂತಿ ಬಾಗಿ ಬಾಗಿ ಅಲ್ಲೇ ಪಟ್ ಅನ್ನುತ್ತೆ.

ಅರದ ಅಂಗಡಿ:
ಮೇಲಿನವರು ಹೇಳಿದ್ದು ಸರಿ, ಆದರೆ ಬೆರಳು ಉಳಿಸೋದು ಲಾಕು. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಾಗಲಿ, ತೋಟದ ಸಾಮಾನಿನ ಅಂಗಡಿಯಲ್ಲಾಗಲಿ, ಕೈಗೆ ತಗೊಂಡ ತಕ್ಷಣ ಪೂರ್ತಿ ಬಿಚ್ಚಿ ಲಾಕ್ ಮಾಡಿ, ಅಲಗಿನ ಬೆನ್ನನ್ನ ಕೌಂಟರಿನ ಅಂಚಿಗೆ ಒತ್ತಿ. ಮಡಚೋ ಕಡೆಗೆ ಸ್ವಲ್ಪ ಜಾರಿದರೂ ವಾಪಸ್ ಕೊಡಿ. ಆಮೇಲೆ ತುದಿ ಹಿಡಿದು ಎಡಬಲ ಅಲ್ಲಾಡಿಸಿ. ಒಂದು ಕೂದಲೆಳೆ ಆಡಿದರೆ ಬೋಲ್ಟ್ ಬಿಗಿ ಮಾಡಿದರೆ ಆಯ್ತು, ಕಟಕಟ ಅಂದ್ರೆ ತೂತೇ ಸವೆದಿದೆ ಅಂತ ಅರ್ಥ. ಮಡಚಿದಾಗಲೂ ಲಾಕ್ ಆಗಲೇಬೇಕು. ಇಲ್ಲದಿದ್ದರೆ ಬ್ಯಾಗೊಳಗೆ ತಾನೇ ಬಿಚ್ಚಿಕೊಂಡು ಸ್ಲೀಪಿಂಗ್ ಬ್ಯಾಗ್ ಹರಿಯುತ್ತೆ.

ಬೋಲ್ಟಿಗೆ ಯಾವ ಕೀಲಿ ಬೇಕು ಅಂತ ಅಲ್ಲೇ ನೋಡಿಕೊಳ್ಳಿ. ಕೆಲವಕ್ಕೆ ನಾಣ್ಯ ಸಾಕು, ಕೆಲವಕ್ಕೆ ಅಲೆನ್ ಕೀ (ಆರು ಮೂಲೆಯ ಕೀಲಿ) ಬೇಕು. ಬಳಸ್ತಾ ಬಳಸ್ತಾ ಅದು ಸಡಿಲ ಆಗೇ ಆಗುತ್ತೆ.

ಹಲ್ಲಿನ ತುದಿ ಮಾತ್ರ ನೀಲಿ-ಕಪ್ಪಾಗಿದ್ದರೆ ಅದನ್ನ ಕಾಯಿಸಿ ಗಟ್ಟಿ ಮಾಡಿರ್ತಾರೆ. ಬಹಳ ದಿನ ಹರಿತ ಇರುತ್ತೆ, ಆದರೆ ಅರ ಹಾಕಿ ಸಾಣೆ ಹಿಡಿಯೋಕೆ ಆಗಲ್ಲ, ಅರವೇ ಜಾರುತ್ತೆ. ಹಾಗಾಗಿ ಬದಲಿ ಅಲಗು ಬಿಡಿಯಾಗಿ ಸಿಗುತ್ತಾ ಅಂತ ಕೇಳಿಯೇ ದುಡ್ಡು ಕೊಡಿ.

ಚಾರಣದ ಚೀಲ:
ಒಂದು ಮಾತು. ತೋಟದವರು ಒಪ್ಪಿದ ಜಾಗದಲ್ಲಿ ಸರಿ, ಆ ಗರಗಸವನ್ನೇ ಕುಮಾರ ಪರ್ವತಕ್ಕೋ ಕುದುರೆಮುಖಕ್ಕೋ ಒಯ್ಯಬೇಡಿ. ಮೊದಲನೆಯದು ಪುಷ್ಪಗಿರಿ ಅಭಯಾರಣ್ಯ, ಎರಡನೆಯದು ರಾಷ್ಟ್ರೀಯ ಉದ್ಯಾನ. 1972ರ ವನ್ಯಜೀವಿ ಕಾಯ್ದೆಯಡಿ ಅಲ್ಲಿ ಅನುಮತಿ ಇಲ್ಲದೆ ಕಟ್ಟಿಗೆ ತೆಗೆಯೋದೂ ಅಪರಾಧ, ಅದು ತಾನಾಗಿ ಬಿದ್ದ ಕಟ್ಟಿಗೆಯಾದರೂ ಅಷ್ಟೇ. ವಿಮಾನದಲ್ಲಿ ಹೋಗೋದಾದರೆ ಗರಗಸ ಚೆಕ್-ಇನ್ ಬ್ಯಾಗಿಗೆ, ಕೈಚೀಲದಲ್ಲಿ ಬಿಡಲ್ಲ.

ಹೊಸಕೆರೆ ಹೈದ:
ಎಲ್ಲರಿಗೂ ಥ್ಯಾಂಕ್ಸ್. 170, ಇಂಚಿಗೆ 8ರ ಹತ್ತಿರದ್ದು ಅಂತ ತೀರ್ಮಾನ. ಎಳೆದಾಗ ಮಾತ್ರ ಕೊಯ್ಯೋ ಅಲಗು ಬೇಗ ಬಗ್ಗುತ್ತೆ ಅಂತಾರಲ್ಲ, ನಿಜವಾ? ಬಿದಿರು ಕೊನೇಲಿ ಸಿಗಿದು ಹೋಗದ ಹಾಗೆ ಕೊಯ್ಯೋದು ಹೇಗೆ?

ಗರಗಸದ ಪುಡಿ:
ಬಗ್ಗೋದು ತಳ್ಳುವಾಗ. ಎಳೆದು ಕೊಯ್ಯೋದಕ್ಕೇ ಅಂತ ಅಲಗನ್ನ ತೆಳ್ಳಗೆ ಮಾಡಿರ್ತಾರೆ, ಎಳೆದಾಗ ಅದು ದಾರದ ಹಾಗೆ ನೆಟ್ಟಗೆ ನಿಲ್ಲುತ್ತೆ. ಜಾಸ್ತಿ ಎಳೆದು ತುದಿ ಸೀಳಿಂದ ಹೊರಗೆ ಬಂತು ಅನ್ನಿ, ವಾಪಸ್ ತಳ್ಳುವಾಗ ಆ ತುದಿ ತೊಗಟೆಗೆ ಗುದ್ದಿ ಅಲಗು ಬಗ್ಗುತ್ತೆ. ಎಳೆಯುವಾಗ ಮಾತ್ರ ಒತ್ತಡ, ವಾಪಸ್ ಹೋಗುವಾಗ ಕೈ ಸಡಿಲ, ತುದಿ ಯಾವಾಗಲೂ ಸೀಳಿನ ಆಚೆ ಬದಿಗೆ ಚಾಚಿಕೊಂಡೇ ಇರಲಿ.

ರೆಂಬೆಯ ಎರಡೂ ತುದಿಗೆ ಆಧಾರ ಇದ್ದರೆ ಮಧ್ಯದ ಸೀಳು ಮೇಲಿಂದ ಮುಚ್ಚಿಕೊಂಡು ಅಲಗನ್ನ ಕಚ್ಚುತ್ತೆ. ಮೇಲಿಂದ ಮೂರನೇ ಒಂದು ಭಾಗ ಕೊಯ್ದು, ಉಳಿದಿದ್ದನ್ನ ಕೆಳಗಿಂದ ಕೊಯ್ಯಿರಿ. ಒಂದು ತುದಿ ಗಾಳಿಯಲ್ಲಿ ಜೋತಿದ್ದರೆ ಉಲ್ಟಾ, ಮೊದಲು ಕೆಳಗಿಂದ. ಇಲ್ಲದಿದ್ದರೆ ತೊಗಟೆ ಉದ್ದಕ್ಕೆ ಸುಲಿದುಕೊಂಡು ಬರುತ್ತೆ.

ಬಿದಿರನ್ನ ಗಿಣ್ಣಿನಿಂದ ಎರಡು ಬೆರಳು ಆಚೆ ಕೊಯ್ಯಬೇಕು. ಆ ಜಾಗಕ್ಕೆ ಟೇಪ್ ಒಂದು ಸುತ್ತು ಬಿಗಿಯಾಗಿ ಸುತ್ತಿ. ಒಂದೇ ಕಡೆಯಿಂದ ನೇರ ಇಳಿಸಬೇಡಿ. ಸುತ್ತಲೂ ಹಗುರವಾಗಿ ಗೀರು ಹಾಕಿಕೊಂಡು, ಬಿದಿರನ್ನ ಸ್ವಲ್ಪ ಸ್ವಲ್ಪ ತಿರುಗಿಸ್ತಾ ಕೊಯ್ಯಿರಿ. ಕೊನೇ ನಾರು ಉಳಿದಾಗ ಮುರಿಯೋಕೆ ಹೋದರೇ ಸಿಗಿಯೋದು, ಅಲ್ಲೀವರೆಗೂ ಗರಗಸವೇ ಹೋಗಲಿ.

ಅರದ ಅಂಗಡಿ:
ಮಳೆಗಾಲದಲ್ಲಿ ಸಕಲೇಶಪುರ ಅಂದ್ರೆ ತುಕ್ಕು ಗ್ಯಾರಂಟಿ. ಒರೆಸದೆ ಒದ್ದೆಯಾಗೇ ಮಡಚಿದರೆ ಹಿಡಿಯ ಒಳಗೆ ನೀರು ನಿಂತು ಒಂದು ರಾತ್ರಿಗೇ ಕೆಂಪಾಗುತ್ತೆ. ಅಂಟಿದ ಮರದ ರಸಕ್ಕೆ ಸೀಮೆಎಣ್ಣೆ ಬಟ್ಟೆ, ಇಲ್ಲವೇ ಸ್ಯಾನಿಟೈಸರ್ ಕೂಡ ನಡೆಯುತ್ತೆ. ಹಲ್ಲಿನ ಸಂದಿಗೆ ಹಳೇ ಟೂತ್‌ಬ್ರಷ್. ಕೊನೆಗೆ ಹೊಲಿಗೆ ಮಷಿನ್ ಎಣ್ಣೆ ಎರಡು ಹನಿ ಅಲಗಿಗೆ, ಒಂದು ಹನಿ ಬೋಲ್ಟಿಗೆ. ಕೊಬ್ಬರಿ ಎಣ್ಣೆ ಹಾಕಬೇಡಿ, ಚಳಿಗೆ ಗಟ್ಟಿಯಾಗಿ ಲಾಕು ಅಂಟಿಕೊಳ್ಳುತ್ತೆ.