ಕಾರ್ವೋನ್‌ಗೆ ರೋಡಿಯಂ ಬೇಕಾ, ಪಲ್ಲೇಡಿಯಂ ಸಾಕಾ?

ಕೊನೆಬೆಂಚು: ಎಂಎಸ್ಸಿ ಪ್ರಾಜೆಕ್ಟಿಗೆ ಕಾರ್ವೋನ್ ಕೊಟ್ಟಿದ್ದಾರೆ (ಸಬ್ಬಸಿಗೆ ಬೀಜದ ವಾಸನೆ ಇದರದ್ದೇ). ಕಾರ್ಬನ್ ಕಾರ್ಬನ್ ನಡುವೆ ಎರಡು ಡಬಲ್ ಬಾಂಡ್ ಇವೆ, ಜೊತೆಗೆ ಒಂದು ಕೀಟೋನ್ (C=O) ಗುಂಪು. ಬಾಲದಲ್ಲಿರುವುದಕ್ಕೆ ಮಾತ್ರ ಹೈಡ್ರೋಜನ್ ಸೇರಬೇಕು, ಉಂಗುರದೊಳಗಿನದು ಹಾಗೇ ಉಳಿಯಬೇಕು. ಗೈಡ್ ವಿಲ್ಕಿನ್ಸನ್ ಕ್ಯಾಟಲಿಸ್ಟ್ (ರೋಡಿಯಂ ಇರುವ ವೇಗವರ್ಧಕ) ಹಾಕು ಅಂತಾರೆ. ಸೀನಿಯರ್ ಒಬ್ಬರು ಪಲ್ಲೇಡಿಯಂ ಕಾರ್ಬನ್ (ಇದ್ದಿಲ ಪುಡಿಯ ಮೇಲೆ ಕೂರಿಸಿದ ಪಲ್ಲೇಡಿಯಂ) ಸಾಕು, ರೋಡಿಯಂ ದುಡ್ಡು ದಂಡ ಅಂತಾರೆ. ಯಾರ ಮಾತು ಕೇಳಲಿ?

ಫಿಲ್ಟರ್‌ಪೇಪರ್: ಸೀನಿಯರ್ ಮಾತು. 2021ರಲ್ಲಿ ರೋಡಿಯಂ ಔನ್ಸಿಗೆ 25,000 ಡಾಲರ್ ದಾಟಿತ್ತು. ಅದೂ ದ್ರಾವಣದಲ್ಲಿ ಕರಗಿ ಕೂರುತ್ತದೆ, ವಾಪಸ್ ಸಿಗುವುದಿಲ್ಲ. ಪಲ್ಲೇಡಿಯಂ ಆದರೆ ಸೋಸಿದರೆ ಮುಗಿಯಿತು.

ನೇರಳೆಹಣ್ಣು: ಸೋಸುವಷ್ಟರಲ್ಲಿ ಪ್ರಾಜೆಕ್ಟೂ ಮುಗಿದಿರುತ್ತದೆ. ಹೊತ್ತು ಸ್ವಲ್ಪ ಜಾಸ್ತಿಯಾದರೆ ಪಲ್ಲೇಡಿಯಂ ಉಂಗುರದ ಡಬಲ್ ಬಾಂಡನ್ನೂ ನುಂಗುತ್ತದೆ. ವಿಲ್ಕಿನ್ಸನ್‌ನಲ್ಲಿ ರೋಡಿಯಂಗೆ ಒಂದು ಕ್ಲೋರಿನ್, ಮೂರು ಟ್ರೈಫಿನೈಲ್‌ಫಾಸ್ಫೀನ್ (ಫಾಸ್ಫರಸ್ ಇರುವ ದಪ್ಪ ಅಣು) ಅಂಟಿರುತ್ತವೆ. ಒಂದು ಫಾಸ್ಫೀನ್ ಕಳಚಿಕೊಂಡರೂ ಉಳಿದೆರಡು ಬಸ್ಸಿನ ಸೀಟಲ್ಲಿ ಕೂತ ದಢೂತಿಗಳ ಹಾಗೆ ಅಲುಗುವುದಿಲ್ಲ, ಹಾಗಾಗಿ ಸುತ್ತ ಗುಂಪು ಕಡಿಮೆ ಇರುವ ಡಬಲ್ ಬಾಂಡ್ ಮಾತ್ರ ಸಲೀಸಾಗಿ ತೂರುತ್ತದೆ. ಕೀಟೋನ್ ತಂಟೆಗೆ ಹೋಗುವುದಿಲ್ಲ. ನೊಬೆಲ್ ಬಂದ ಕ್ಯಾಟಲಿಸ್ಟ್ ಸ್ವಾಮಿ, ಸುಮ್ನೆ ಅಲ್ಲ.

ಹಳೇಪುಟ: ನೊಬೆಲ್ ಬಂದದ್ದು ಇದಕ್ಕಲ್ಲ. 1973ರಲ್ಲಿ ಜೆಫ್ರಿ ವಿಲ್ಕಿನ್ಸನ್, ಅರ್ನ್ಸ್ಟ್ ಆಟೋ ಫಿಷರ್ ಇಬ್ಬರಿಗೂ ಕೊಟ್ಟದ್ದು ಫೆರೋಸೀನ್ ಥರದ ಸ್ಯಾಂಡ್‌ವಿಚ್ ಸಂಯುಕ್ತಗಳಿಗೆ (ಎರಡು ಕಾರ್ಬನ್ ಉಂಗುರಗಳ ನಡುವೆ ಲೋಹ).

ನೇರಳೆಹಣ್ಣು: ಕ್ಯಾಟಲಿಸ್ಟ್ ಬಂದದ್ದು 1965-66ರಲ್ಲಿ. 1973ರ ಹೊತ್ತಿಗೆ ಕಮಿಟಿಯವರಿಗೆ ಅದು ಕಾಣಿಸಿರಲಿಲ್ವಾ?

ಹಳೇಪುಟ: ಕಾಣಿಸಿರಬಹುದು, ಕೊಟ್ಟದ್ದು ಅದಕ್ಕಲ್ಲ. ಅವರ ನೊಬೆಲ್ ಭಾಷಣದ ವಿಷಯವೇ ಗಟ್ಟಿಯಾಗಿ ನಿಲ್ಲುವ ಲೋಹ-ಆಲ್ಕೈಲ್‌ಗಳ (ಲೋಹಕ್ಕೆ ಕಾರ್ಬನ್ ಸರಪಳಿ ಅಂಟಿದ ಸಂಯುಕ್ತಗಳ) ಹುಡುಕಾಟ. ಇನ್ನೊಂದು, ಇದೇ ಕ್ಯಾಟಲಿಸ್ಟನ್ನು ಅದೇ ಕಾಲಕ್ಕೆ ಐಸಿಐ ಕಂಪನಿಯ ಕಾಫಿ ಎಂಬವರೂ ಕಂಡುಕೊಂಡಿದ್ದರು.

ಫಿಲ್ಟರ್‌ಪೇಪರ್: ಕಾಫಿ ಅಂತೆ! ಚಿಕ್ಕಮಗಳೂರಿನವರು ಪೇಟೆಂಟ್ ಕೇಳಲಿ 😂

ಲ್ಯಾಬಕ್ಕ: ರೋಡಿಯಂ ಕೆಲಸಕ್ಕೆ ನೊಬೆಲ್ ಬಂದಿದೆ, 2001ರಲ್ಲಿ, ವಿಲಿಯಂ ನೋಲ್ಸ್‌ಗೆ. ಮಾನ್ಸಾಂಟೋ ಕಂಪನಿಯಲ್ಲಿ ವಿಲ್ಕಿನ್ಸನ್ ಕ್ಯಾಟಲಿಸ್ಟಿನ ಫಾಸ್ಫೀನ್ ತೆಗೆದು ಎಡಗೈ-ಬಲಗೈ ಭೇದ ಇರುವ ಫಾಸ್ಫೀನ್ ಕೂರಿಸಿದರು. 1968ರಲ್ಲಿ ಸಿಕ್ಕಿದ್ದು ಬರೀ 15% ಇಇ (ಒಂದು ಕೈಯ ರೂಪ ಇನ್ನೊಂದಕ್ಕಿಂತ ಎಷ್ಟು ಹೆಚ್ಚು ಅನ್ನುವ ಲೆಕ್ಕ). ಡಿಪ್ಯಾಂಪ್ ಅನ್ನುವ ಫಾಸ್ಫೀನ್ ಬಂದ ಮೇಲೆ 95%. ಪಾರ್ಕಿನ್ಸನ್ ಕಾಯಿಲೆಯ ಔಷಧಿ ಎಲ್-ಡೋಪಾ ಫ್ಯಾಕ್ಟರಿಯಲ್ಲಿ ತಯಾರಾದದ್ದು ಹಾಗೆ.

ನೇರಳೆಹಣ್ಣು: ಬಂತಲ್ಲ ನೊಬೆಲ್! ನಾನು ಹೇಳಿದ್ದೂ ಅದೇ.

ಹಳೇಪುಟ: ಅದೇ ಅಲ್ಲ. ವಿಲ್ಕಿನ್ಸನ್ 1996ರಲ್ಲೇ ತೀರಿಕೊಂಡರು. ಮೊಮ್ಮಗನ ಮಾರ್ಕ್ಸ್ ಕಾರ್ಡನ್ನು ತಾತನ ಫೋಟೋ ಕೆಳಗೆ ನೇತು ಹಾಕುತ್ತೀರಾ?

ನೇರಳೆಹಣ್ಣು: ನಾನು ಆರು ವರ್ಷ ಈ ಬಾಟಲಿ ಹಿಡಿದು ಕೆಲಸ ಮಾಡಿದವನು. ಇಸವಿ ಉರು ಹೊಡೆದವರ ಹತ್ತಿರ ಕೆಮಿಸ್ಟ್ರಿ ಕಲಿಯುವ ಗತಿ ಬಂದಿಲ್ಲ.

ಹಳೇಪುಟ: ಆರು ವರ್ಷದಲ್ಲಿ ಒಂದು ಇಸವಿಯಾದರೂ ಸರಿಯಾಗಿ ಕಲಿಯಬಹುದಿತ್ತು.

ಫಿಲ್ಟರ್‌ಪೇಪರ್: ಹಿಡಿದದ್ದು ಸರಿ, ರೋಡಿಯಂ ವಾಪಸ್ ತೆಗೆದಿರಾ?

ಲ್ಯಾಬಕ್ಕ: ವಾಪಸ್ ಸಿಗುವುದಿಲ್ಲ ಅನ್ನುವುದೇ ಸುಳ್ಳು. ಜರ್ಮನಿಯ ಓಬರ್‌ಹೌಸೆನ್‌ನಲ್ಲಿ 1984ರಲ್ಲೇ ರೋಡಿಯಂ ಬಳಸಿ ಬ್ಯುಟೈರಾಲ್ಡಿಹೈಡ್ ಮಾಡುವ ಫ್ಯಾಕ್ಟರಿ ಶುರುವಾಯಿತು. ಫಾಸ್ಫೀನ್‌ಗೆ ಸಲ್ಫೋನೇಟ್ ಗುಂಪು ಸೇರಿಸಿದರೆ ರೋಡಿಯಂ ನೀರಲ್ಲೇ ಉಳಿಯುತ್ತದೆ. ಬ್ಯುಟೈರಾಲ್ಡಿಹೈಡ್ ಸಾರಿನ ಮೇಲಿನ ಎಣ್ಣೆಯ ಹಾಗೆ ತೇಲುತ್ತದೆ. ಬಗ್ಗಿಸಿಕೊಂಡರಾಯಿತು.

ಫಿಲ್ಟರ್‌ಪೇಪರ್: ಎಂಎಸ್ಸಿ ಹುಡುಗನಿಗೆ ಓಬರ್‌ಹೌಸೆನ್ ತೋರಿಸುತ್ತೀರಲ್ಲ ಅಕ್ಕಾ. ಬಿಪಿ ಕಂಪನಿಯವರು 1996ರಲ್ಲಿ ಅಸಿಟಿಕ್ ಆಸಿಡ್‌ಗೆ ರೋಡಿಯಂ ಬಿಟ್ಟು ಇರಿಡಿಯಂ ಹಿಡಿದದ್ದನ್ನು ಯಾಕೆ ಹೇಳುವುದಿಲ್ಲ?

ಕೊನೆಬೆಂಚು: ಸಾರ್, ಕಾರ್ವೋನ್...

ಲ್ಯಾಬಕ್ಕ: ಗೈಡ್ ಮಾತು ಕೇಳಪ್ಪ. ದುಡ್ಡಿಗೆ ಹೆದರಬೇಡ, ಆ ಪುಡಿಯ ತೂಕದಲ್ಲಿ ರೋಡಿಯಂ ಸುಮಾರು 11% ಅಷ್ಟೇ, ಹಾಕುವುದೂ ಚಿಟಿಕೆ. ಸಾಲ್ವೆಂಟಿನಲ್ಲಿರುವ ಆಕ್ಸಿಜನ್ ಮೊದಲು ತೆಗಿ. ಆಲ್ಡಿಹೈಡ್ ಸೋಕಿಸಬೇಡ. ನಾನು ಒಮ್ಮೆ ಸರಿಯಾಗಿ ತೊಳೆಯದ ಫ್ಲಾಸ್ಕಿಗೆ ಹಾಕಿಬಿಟ್ಟೆ. ಕಡುಗೆಂಪು ದ್ರಾವಣ ನೋಡನೋಡುತ್ತಲೇ ಹಳದಿ. ಆಲ್ಡಿಹೈಡಿನಿಂದ ಕಾರ್ಬನ್ ಮಾನಾಕ್ಸೈಡ್ ಕಿತ್ತುಕೊಂಡು ಕ್ಯಾಟಲಿಸ್ಟ್ ಸತ್ತಿತು.

ನೇರಳೆಹಣ್ಣು: ಸತ್ತಿತು ಅಂದರೇನು? ಆ ಹಳದಿ ಸಂಯುಕ್ತವನ್ನೂ ಹೈಡ್ರೋಫಾರ್ಮೈಲೇಷನ್‌ಗೆ (ಡಬಲ್ ಬಾಂಡಿಗೆ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸೇರಿಸಿ ಆಲ್ಡಿಹೈಡ್ ಮಾಡಲು) ಬಳಸುತ್ತಾರೆ.

ಹಳೇಪುಟ: ಅದಕ್ಕೂ ನೊಬೆಲ್ ಬಂದಿದೆಯಾ ಸಾರ್?