ಸಹಾಯ ಬೇಕು: ಅಕೌಂಟ್ಸ್ ಕೆಲಸಕ್ಕೆ ರೆಸ್ಯೂಮ್ ತಿದ್ದಿಕೊಡುವಿರಾ?

ಎಲ್ಲರಿಗೂ ನಮಸ್ಕಾರ. ಬಿ.ಕಾಂ. ಮುಗಿಸಿ ದಾವಣಗೆರೆಯ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿರುವ ನನ್ನ ತಂಗಿ, ಬೆಂಗಳೂರಿನ ಕಂಪನಿಗಳಿಗೆ ಅರ್ಜಿ ಹಾಕಲು ರೆಸ್ಯೂಮ್ ಸಿದ್ಧಪಡಿಸುತ್ತಿದ್ದಾಳೆ. ತಿಂಗಳ 11ರೊಳಗೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ರೊಳಗೆ ಜಿಎಸ್‌ಟಿಆರ್-3ಬಿ (ತೆರಿಗೆಯ ಸಾರಾಂಶ) ಎಂಬ ಜಿಎಸ್‌ಟಿ ರಿಟರ್ನ್‌ಗಳನ್ನು ಸಲ್ಲಿಸುವುದು, ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದಲ್ಲಿ ಬ್ಯಾಂಕ್ ಲೆಕ್ಕ ತಾಳೆ ನೋಡುವುದು, ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಲೆಕ್ಕ ಹಾಕುವುದು ಎಲ್ಲವನ್ನೂ ಒಬ್ಬಳೇ ನಿಭಾಯಿಸುವ ಅವಳು, ಕರಡಿನಲ್ಲಿ ಅಷ್ಟನ್ನೂ ‘ಅಕೌಂಟ್ಸ್ ಅನುಭವವಿದೆ’ ಎಂಬ ಒಂದೇ ಸಾಲಿನಲ್ಲಿ ಮುಗಿಸಿ, ತಂದೆಯ ಹೆಸರು, ಹವ್ಯಾಸ, ಘೋಷಣೆಗಳಿಗೆ ಅರ್ಧ ಪುಟ ಕೊಟ್ಟಿದ್ದಾಳೆ (ಡಿಟಿಪಿ ಅಂಗಡಿಯ ಹಳೆಯ ನಮೂನೆಯ ಕೃಪೆ). ಇದು ತಿರುವುಮುರುವಾಗಬೇಕೆಂದು ನನ್ನ ಅನಿಸಿಕೆ.

ಗ್ರಾಹಕರ ಹೆಸರು ಬರೆಯದೆಯೇ ಕೆಲಸದ ಪ್ರಮಾಣವನ್ನು ತಿಳಿಸುವುದು ಹೇಗೆ, ಪದವಿಯ ಅಂಕಗಳಿಗಿಂತ ಅನುಭವವನ್ನೇ ಮೊದಲು ಬರೆಯಬಹುದೇ ಎಂಬುದನ್ನು ನೇಮಕಾತಿ ವಿಭಾಗದಲ್ಲಿರುವವರು ದಯವಿಟ್ಟು ತಿಳಿಸಿ. ನೋಡಲು ಒಪ್ಪುವವರಿಗೆ ಕರಡನ್ನು ಖಾಸಗಿಯಾಗಿ ಕಳುಹಿಸುತ್ತೇನೆ.