ಎಂ51 ಗೆಲಾಕ್ಸಿಯ ಸುರುಳಿ ಬಾಹುಗಳು ಏಕೆ ಬಿಗಿದು ಅಳಿಸಿಹೋಗಿಲ್ಲ?

ಪ್ರಶ್ನೆ:
ಕಳೆದ ಏಪ್ರಿಲ್‌ನಲ್ಲಿ ಸಕಲೇಶಪುರದ ಸಮೀಪ, ಊರಿನ ಬೆಳಕು ತಾಗದ ತೋಟವೊಂದರಿಂದ, ಎಂಟು ಇಂಚಿನ ದೂರದರ್ಶಕದಲ್ಲಿ ಎಂ51 ಗೆಲಾಕ್ಸಿಯನ್ನು ನೋಡಿದೆ. ಸಪ್ತರ್ಷಿ ಮಂಡಲದ ಬಾಲದ ತುದಿಯಲ್ಲಿರುವ ಮರೀಚಿಯಿಂದ ಮೂರೂವರೆ ಡಿಗ್ರಿಯಷ್ಟು ಸರಿದಾಗ ಅಕ್ಕಪಕ್ಕದಲ್ಲಿ ಎರಡು ಮಸುಕಾದ ಬೆಳಕಿನ ಮಚ್ಚೆಗಳು ಕಂಡವೇ ಹೊರತು ಚಿತ್ರಗಳಲ್ಲಿ ಕಾಣುವ ಬಾಹುಗಳು ಕಾಣಲಿಲ್ಲ. ಆದರೆ ನನ್ನನ್ನು ಕಾಡುತ್ತಿರುವುದು ಬೇರೆ. ಕೇಂದ್ರಕ್ಕೆ ಹತ್ತಿರದ ನಕ್ಷತ್ರಗಳು ಹೊರಗಿನವುಗಳಿಗಿಂತ ಬೇಗ ಒಂದು ಸುತ್ತು ಮುಗಿಸುತ್ತವೆ ಎಂದಾದರೆ, ಬಾಹುಗಳು ಕದಿರಿಗೆ ಸುತ್ತಿದ ನೂಲಿನಂತೆ ಬಿಗಿಯುತ್ತ ಹೋಗಿ ಎಂದೋ ಗುರುತೇ ಸಿಗದಂತಾಗಬೇಕಿತ್ತಲ್ಲವೇ?

ಉತ್ತರ 1:
ನೋಟದ ವಿಷಯ ಮೊದಲು ಹೇಳುತ್ತೇನೆ. 1773ರಲ್ಲಿ ಇದನ್ನು ಕಂಡ ಮೆಸ್ಸಿಯೇಗೂ ಸುರುಳಿ ಕಾಣಲಿಲ್ಲ. ಪಕ್ಕದ ಚಿಕ್ಕ ಮಚ್ಚೆಯನ್ನು ಮೆಶೇನ್ ಗುರುತಿಸಿದ್ದು 1781ರಲ್ಲಿ. ಐರ್ಲೆಂಡಿನ ಬರ್ ಕೋಟೆಯ ಆವರಣದಲ್ಲಿ ಲಾರ್ಡ್ ರಾಸ್ ನಿಲ್ಲಿಸಿದ 72 ಇಂಚಿನ ದರ್ಪಣದ ದೂರದರ್ಶಕದಿಂದ 1845ರಲ್ಲಿ ಮೊದಲ ಬಾರಿಗೆ ಸುರುಳಿ ಕಂಡಿತು, ಮತ್ತು ಅವರು ಅದನ್ನು ಕೈಯಿಂದಲೇ ಚಿತ್ರಿಸಿದರು. ಕ್ಯಾಮೆರಾ ಗಂಟೆಗಟ್ಟಲೆ ಬೆಳಕನ್ನು ಕೂಡಿಡುತ್ತದೆ, ಕಣ್ಣಿಗೆ ಆ ಶಕ್ತಿಯಿಲ್ಲ. ಆದ್ದರಿಂದ ನಿಮ್ಮ ದೂರದರ್ಶಕವನ್ನು ದೂರಬೇಡಿ.

ಉತ್ತರ 2:
ನಿಮ್ಮ ಶಂಕೆ ಸರಿಯಾದದ್ದೇ. ನಮ್ಮ ಕ್ಷೀರಪಥದಲ್ಲಿ ಸೂರ್ಯನಿಗೆ ಒಂದು ಸುತ್ತಿಗೆ ಸುಮಾರು 23 ಕೋಟಿ ವರ್ಷ ಬೇಕು. ಗೆಲಾಕ್ಸಿಯ ವಯಸ್ಸು 1000 ಕೋಟಿ ವರ್ಷಗಳಿಗೂ ಹೆಚ್ಚು. ಬಾಹು ಒಂದೇ ನಕ್ಷತ್ರಗಳ ಕಾಯಂ ಗುಂಪಾಗಿದ್ದರೆ ಅದು ಹತ್ತಾರು ಬಾರಿ ಸುತ್ತಿಕೊಂಡಿರುತ್ತಿತ್ತು. ಬಾಹು ಒಂದು ವಸ್ತುವಲ್ಲ, ದಟ್ಟಣೆಯ ಅಲೆ ಎಂಬ ವಿವರಣೆಯನ್ನು ಲಿನ್ ಮತ್ತು ಶೂ 1964ರಲ್ಲಿ ಮುಂದಿಟ್ಟರು. ಮಂಡ್ಯದ ಕಡೆ ಕಬ್ಬು ಹೇರಿದ ಟ್ರ್ಯಾಕ್ಟರ್ ಕಿರಿದಾದ ರಸ್ತೆಯಲ್ಲಿ ನಿಧಾನವಾಗಿ ಸಾಗುವಾಗ ಅದರ ಹಿಂದೆ ಸದಾ ವಾಹನಗಳ ಗುಂಪೊಂದು ಇರುತ್ತದೆ. ಒಂದೊಂದೇ ವಾಹನ ಹಿಂದಿಕ್ಕಿ ಹೊರಟುಹೋದರೂ ಹೊಸವು ಬಂದು ಸೇರುವುದರಿಂದ ಗುಂಪು ಟ್ರ್ಯಾಕ್ಟರಿನ ವೇಗದಲ್ಲೇ ಮುಂದುವರಿಯುತ್ತದೆ. ಅಲೆಯೊಳಗೆ ಬಂದ ಅನಿಲ ಒತ್ತಿಕೊಂಡಾಗ ಹೊಸ ನಕ್ಷತ್ರಗಳು ಹುಟ್ಟುತ್ತವೆ. ಎಂ51ರ ಚಿತ್ರದಲ್ಲಿ ಬಾಹುವಿನ ಒಳ ಅಂಚಿಗೆ ಕಪ್ಪು ಧೂಳಿನ ಪಟ್ಟಿ, ಅದರ ಮಗ್ಗುಲಲ್ಲೇ ಗುಲಾಬಿ ಬಣ್ಣದ ಹೈಡ್ರೋಜನ್ ಮೋಡಗಳು, ನೀಲಿ ನಕ್ಷತ್ರಗಳು ಕಾಣುವುದು ಇದರಿಂದಲೇ. ಆ ನೀಲಿ ದೈತ್ಯಗಳು ಹುಟ್ಟಿದ ಜಾಗದಿಂದ ಬಹುದೂರ ಹೋಗುವ ಮೊದಲೇ ಸಿಡಿದು ಮುಗಿಯುತ್ತವೆ: ಈ ಗೆಲಾಕ್ಸಿಯಲ್ಲಿ 1994, 2005 ಮತ್ತು 2011ರಲ್ಲಿ ಕಂಡ ಮೂರು ಸೂಪರ್‌ನೋವಾಗಳೂ ಭಾರಿ ನಕ್ಷತ್ರಗಳ ಸಾವುಗಳೇ.

ಉತ್ತರ 3:
ಟ್ರ್ಯಾಕ್ಟರಿನ ಹೋಲಿಕೆ ಚೆನ್ನಾಗಿದೆ, ಆದರೆ ಎಂ51ಕ್ಕೆ ಅದನ್ನು ಹಾಗೆಯೇ ಅನ್ವಯಿಸಲು ನನಗೆ ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ಆ ವಿವರಣೆ ಅಲೆ ಬಹುಕಾಲ ಬದಲಾಗದೆ ಉಳಿಯುತ್ತದೆಂದು ಭಾವಿಸುತ್ತದೆ. ಇಲ್ಲಿ ಪಕ್ಕದಲ್ಲೇ ಎನ್‌ಜಿಸಿ 5195 ಎಂಬ ಸಂಗಾತಿ ಗೆಲಾಕ್ಸಿ ಇದೆ, ನೀವು ಕಂಡ ಎರಡನೆಯ ಮಚ್ಚೆ ಅದೇ. ಹಾದುಹೋಗುವ ಗೆಲಾಕ್ಸಿಯ ಗುರುತ್ವ ಸೆಳೆತವೇ ಇಂಥ ಬಾಹುಗಳನ್ನು ಎಳೆದು ರೂಪಿಸಬಲ್ಲದೆಂದು ಟೂಮ್ರೆ ಸಹೋದರರು 1972ರಲ್ಲಿ ಗಣಕಯಂತ್ರದ ಲೆಕ್ಕಾಚಾರದಿಂದ ತೋರಿಸಿದರು. ಚಿತ್ರದಲ್ಲಿ ಒಂದು ಬಾಹು ಸಂಗಾತಿಯನ್ನು ಮುಟ್ಟಿದಂತೆ ಕಂಡರೂ ಸಂಗಾತಿ ಇರುವುದು ಹಿಂದೆ. ಬಾಹುವಿನ ಧೂಳು ಅದರ ಬೆಳಕಿಗೆ ಅಡ್ಡವಾಗಿ ಕಪ್ಪಾಗಿ ಕಾಣುವುದೇ ಅದಕ್ಕೆ ಸಾಕ್ಷಿ. ಇಷ್ಟು ಸ್ಪಷ್ಟವಾದ ಎರಡು ಬಾಹುಗಳು ಎಲ್ಲ ಸುರುಳಿ ಗೆಲಾಕ್ಸಿಗಳಿಗೂ ಇರುವುದಿಲ್ಲ; ಎನ್‌ಜಿಸಿ 2841ರಲ್ಲಿ ತುಂಡು ತುಂಡಾದ ಎಳೆಗಳಷ್ಟೇ ಇವೆ.

ಪ್ರಶ್ನೆ ಕೇಳಿದವರು:
ಹಾಗಾದರೆ ನಾನು ಮಸುಕು ಮಚ್ಚೆಯೆಂದು ಕಡೆಗಣಿಸಿದ್ದೇ ಈ ಬಾಹುಗಳಿಗೆ ಕಾರಣವಾಗಿರಬಹುದು! ಮತ್ತೊಮ್ಮೆ ನೋಡಲು ಯಾವ ಸಮಯ ಒಳ್ಳೆಯದು?

ಉತ್ತರ 1:
ಮೇ ಮೊದಲ ವಾರದಲ್ಲಿ, ಚಂದ್ರನಿಲ್ಲದ ರಾತ್ರಿ ಹನ್ನೊಂದರ ಸುಮಾರಿಗೆ ಅದು ಉತ್ತರ ದಿಕ್ಕಿನಲ್ಲಿ ಅತ್ಯಂತ ಎತ್ತರದಲ್ಲಿರುತ್ತದೆ. ಅರ್ಧ ಗಂಟೆ ಕತ್ತಲಿಗೆ ಕಣ್ಣು ಒಗ್ಗಿಸಿಕೊಂಡು, ಗೆಲಾಕ್ಸಿಯನ್ನು ನೇರವಾಗಿ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಿ. ಎಂಟು ಇಂಚಿನಲ್ಲೂ ದೊಡ್ಡ ಮಚ್ಚೆಯ ಸುತ್ತ ಬಾಗಿದ ಮಬ್ಬಿನ ಸುಳಿವು ಸಿಗಬಹುದು.